ಮೂಲೆ ಸೇರಿದ ಲಿಫ್ಟ್

ಎಂಆರ್‌ಐ ಯಂತ್ರ ಕೊಳ್ಳುವಾಗ ಆಸ್ಪತ್ರೆಯ ಆಡಳಿತ ಮಂಡಳಿ ತಿಂಗಳುಗಟ್ಟಲೆ ಕೂತು ಚರ್ಚಿಸುತ್ತದೆ. ರೋಗಿಯನ್ನು ಮಂಚದಿಂದ ಎತ್ತಿ ಸಾಗಿಸುವ ಪೇಷಂಟ್ ಲಿಫ್ಟ್ ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೆ.ಜಿ. ಎತ್ತುತ್ತೆ, ಎಷ್ಟಕ್ಕೆ ಕೊಡ್ತೀರಿ? ಹಾಗೆ ಬಂದ ಲಿಫ್ಟು ಕೆಲವು ವಾರ ವಾರ್ಡಿನಲ್ಲಿ ಓಡಾಡುತ್ತದೆ. ಆಮೇಲೆ ಮುರಿದ ಐವಿ ಸ್ಟ್ಯಾಂಡುಗಳ ಜೊತೆ ಸ್ಟೋರಿನ ಮೂಲೆ ಸೇರುತ್ತದೆ. ಅದರ ತೋಳಿನ ಮೇಲೆ ಯಾರೋ ಏಪ್ರನ್ ಒಣಗಿಸುತ್ತಾರೆ. ವಿಚಾರಿಸಿದರೆ ‘ನಮ್ಮ ಸ್ಟಾಫಿಗೆ ಇದೆಲ್ಲ ಅಭ್ಯಾಸ ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಿರುತ್ತದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇಂಥ ಎಷ್ಟೋ ಲಿಫ್ಟುಗಳ ಹಣೆಬರಹ ಅವನ್ನು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ.

ಎತ್ತುವ ಕೆಲಸದ ಭಾರ ಎಷ್ಟೆಂದು ಮೊದಲು ನೋಡೋಣ. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ, ಹಿಡಿಯಿರುವ ಪೆಟ್ಟಿಗೆಯನ್ನು ಮೈಗೆ ಹತ್ತಿರ ಹಿಡಿದು ಎತ್ತಬಹುದಾದ ಮಿತಿ 23 ಕೆ.ಜಿ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ನರ್ಸಿಂಗ್ ಪತ್ರಿಕೆಯೊಂದರಲ್ಲಿ ಬರೆಯುತ್ತ, ರೋಗಿಗಳ ವಿಷಯದಲ್ಲಿ ಈ ಮಿತಿಯನ್ನು ಸುಮಾರು 16 ಕೆ.ಜಿ.ಗೆ ಇಳಿಸಿದರು. ಮನುಷ್ಯನಿಗೆ ಹಿಡಿ ಇರುವುದಿಲ್ಲ. ಅವನು ನಡುವೆ ಬೆಚ್ಚಿ ಕೊಸರಾಡಬಹುದು, ಎತ್ತುತ್ತಿರುವವರ ಕತ್ತಿಗೇ ಜೋತುಬೀಳಬಹುದು. 60 ಕೆ.ಜಿ. ತೂಕದ ಒಬ್ಬರನ್ನು ಇಬ್ಬರು ಸಮನಾಗಿ ಎತ್ತಿದರೂ ತಲೆಗೆ 30 ಕೆ.ಜಿ. ಬೀಳುತ್ತದೆ. ಇಡೀ ಮೈ ಬೇಡ, ಒಂದು ಕಾಲನ್ನೇ ತೆಗೆದುಕೊಳ್ಳಿ. ಅದು ಮೈತೂಕದ ಸುಮಾರು ಆರನೇ ಒಂದು ಭಾಗ. 70 ಕೆ.ಜಿ.ಯ ರೋಗಿಯ ಡ್ರೆಸಿಂಗ್ ಮುಗಿಯುವ ತನಕ ಕಾಲೆತ್ತಿ ಹಿಡಿದು ನಿಂತ ಆಯಾಳ ಕೈಯಲ್ಲಿರುವುದು ಹನ್ನೊಂದು ಕೆ.ಜಿ.ಗೂ ಹೆಚ್ಚು, ಅದೂ ಬಗ್ಗಿದ ಬೆನ್ನಿನಲ್ಲಿ.

ಇದಕ್ಕೆ ನಮ್ಮ ಆಡಳಿತಗಾರರ ಪ್ರತಿವಾದ ಹಳೆಯದು: ನಮ್ಮಲ್ಲಿ ಕೈಗಳಿಗೇನು ಕಮ್ಮಿ? ಇಬ್ಬರು ಆಯಾಗಳು, ಒಬ್ಬ ವಾರ್ಡ್ ಬಾಯ್, ಸಾಲದಿದ್ದರೆ ರೋಗಿಯ ಮಗ, ಅಳಿಯ. ಆ ಕೈಗಳಲ್ಲಿ ಹೆಚ್ಚಿನವು ಗುತ್ತಿಗೆ ಹೆಂಗಸರವು. ಸೊಂಟ ಹಿಡಿದರೆ ಅವರು ಕೆಲಸಕ್ಕೆ ಬರುವುದಿಲ್ಲ, ಸಂಬಳವೂ ಇಲ್ಲ, ಮರುದಿನ ಏಜೆನ್ಸಿ ಬೇರೊಬ್ಬರನ್ನು ಕಳಿಸುತ್ತದೆ. ಹಾಗಾಗಿ ಆ ನಷ್ಟ ಆಸ್ಪತ್ರೆಯ ಲೆಕ್ಕದ ಪುಸ್ತಕಕ್ಕೆ ಏರುವುದೇ ಇಲ್ಲ. ಕೆಲಸಗಾರನ ಮೈಗೆ ಪೆಟ್ಟಾಗುವಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಸೆಕ್ಷನ್ ಹೇಳಿತು. ಅದನ್ನು ಬರೆದವರ ಕಣ್ಣ ಮುಂದಿದ್ದದ್ದು ಮೂಟೆ, ಪೆಟ್ಟಿಗೆಗಳು; ಆಸ್ಪತ್ರೆಯ ಮಂಚ ಅಲ್ಲ.

ಹಾಗೆಂದು ಲಿಫ್ಟ್ ಕೊಂಡ ಮಾತ್ರಕ್ಕೆ ಬೆನ್ನುಗಳು ಉಳಿಯುತ್ತವೆಯೇ? ಮಾರಾಟಗಾರರು ಹೌದೆನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2011ರ ಕೋಕ್ರೇನ್ ಪರಾಮರ್ಶೆ ಹಾಗೆನ್ನುವುದಿಲ್ಲ. ಭಾರ ಎತ್ತುವ ತರಬೇತಿಯಿಂದಾಗಲಿ, ತರಬೇತಿಯ ಜೊತೆಗೆ ಸಲಕರಣೆ ಕೊಟ್ಟದ್ದರಿಂದಾಗಲಿ ಬೆನ್ನುನೋವು ತಪ್ಪಿದ್ದಕ್ಕೆ ಅದಕ್ಕೆ ಆಧಾರ ಸಿಗಲಿಲ್ಲ. ‘ಮಂಡಿ ಬಗ್ಗಿಸಿ, ಬೆನ್ನು ನೇರ ಇಡಿ’ ಎಂದು ವರ್ಷಕ್ಕೊಮ್ಮೆ ಪವರ್‌ಪಾಯಿಂಟ್ ತೋರಿಸಿ ಕೈತೊಳೆದುಕೊಳ್ಳುವ ಆಸ್ಪತ್ರೆಗಳು ಇದನ್ನು ಓದಬೇಕು. ಇನ್ನೊಂದು ಕಡೆ, ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಆಡ್ರೆ ನೆಲ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಸಿಬ್ಬಂದಿಗೆ ಆಗುವ ಪೆಟ್ಟುಗಳು ಇಳಿದವು. ಅಲ್ಲಿ ಯಂತ್ರ ಬಂದದ್ದು ಒಂಟಿಯಾಗಿ ಅಲ್ಲ. ಯಾವ ರೋಗಿಗೆ ಯಾವ ಸಾಧನ, ಎಷ್ಟು ಜನ ಎಂಬ ಲೆಕ್ಕ ಮೊದಲೇ ಆಗಿತ್ತು. ಪ್ರತಿ ವಾರ್ಡಿನಲ್ಲೂ ಜೊತೆಯವರಿಗೆ ಹೇಳಿಕೊಡುವ ಒಬ್ಬರು ಅವರ ನಡುವಿನಿಂದಲೇ ಇದ್ದರು. ಈ ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಕಾಣುವುದು ಇಷ್ಟು: ಆಯ್ಕೆ ವಾರ್ಡಿನೊಳಗಿಂದ ಹೊರಟಿದ್ದರೆ ಮಾತ್ರ ಲಿಫ್ಟ್ ಬಳಕೆಗೆ ಬೀಳುತ್ತದೆ.

ಹಾಗಾದರೆ ಕ್ಯಾಟಲಾಗ್ ತೆರೆಯುವ ಮುಂಚೆ ವಾರ್ಡಿನಲ್ಲಿ ಒಂದು ಹಗಲು, ಒಂದು ರಾತ್ರಿ ಪಟ್ಟಿ ಮಾಡಿ. ಯಾರನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿದರು, ಎಷ್ಟು ಜನ ಕೈಹಾಕಿದರು. ಆ ಪಟ್ಟಿಯಲ್ಲಿ ಎತ್ತುವ ಕೆಲಸಕ್ಕಿಂತ ಎಳೆಯುವ ಕೆಲಸವೇ ಹೆಚ್ಚು ಕಾಣುತ್ತದೆ. ಕಾಲುಗಡೆಗೆ ಜಾರಿದವರನ್ನು ದಿಂಬಿನತ್ತ ಎಳೆಯುವುದು, ಮಗ್ಗುಲು ಬದಲಿಸುವುದು, ಮಂಚದಿಂದ ಸ್ಟ್ರೆಚರಿಗೆ ಸರಿಸುವುದು. ನಮ್ಮಲ್ಲಿ ಇದೆಲ್ಲ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ‘ಒನ್, ಟೂ, ಥ್ರೀ’ ಎನ್ನುವುದರಲ್ಲಿ ನಡೆದುಹೋಗುತ್ತದೆ. ಹಾಗೆ ಎಳೆದಾಗ ಚರ್ಮ ಹಾಸಿಗೆಗೆ ಅಂಟಿ ನಿಂತು, ಒಳಗಿನ ಮೂಳೆ ಮುಂದೆ ಸರಿಯುತ್ತದೆ. ಬೆಡ್‌ಸೋರ್ ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಇದಕ್ಕೆ ಬೇಕಾದದ್ದು ಮೋಟಾರಲ್ಲ, ನುಣುಪು ನೈಲಾನಿನ ಸ್ಲೈಡ್ ಶೀಟ್. ಲಿಫ್ಟಿನ ಬೆಲೆಯ ಮುಂದೆ ಇದರದು ಚಿಲ್ಲರೆ. ಹಣ ಕಡಿಮೆಯಿರುವ ಆಸ್ಪತ್ರೆ ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂದು ನನ್ನ ಖಚಿತ ಅಭಿಪ್ರಾಯ. (ಕೆಲಸ ಆದ ಮೇಲೆ ಕೆಳಗಿಂದ ತೆಗೆಯಲು ಮರೆತರೆ ರೋಗಿ ಮಂಚದಿಂದಲೇ ಜಾರುತ್ತಾನೆ, ಅದು ಬೇರೆ ಮಾತು.) ಚಿಲ್ಲರೆ ಬೆಲೆಯದಾದ್ದರಿಂದಲೋ ಏನೋ, ಇದನ್ನು ಮಾರಲು ಯಾವ ಸೇಲ್ಸ್‌ಮನ್ನೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಪಟ್ಟಿಯಲ್ಲಿ ಉಳಿಯುವವರು ಎರಡು ಬಗೆ. ಒಂದು ಕಾಲಿನ ಮೇಲಾದರೂ ಸ್ವಲ್ಪ ಭಾರ ಬಿಡಬಲ್ಲವರು, ಹೇಳಿದ್ದು ತಿಳಿದು ಹಿಡಿಕೆ ಹಿಡಿಯಬಲ್ಲವರು ಮೊದಲನೆಯ ಬಗೆ. ಇವರಿಗೆ ಕೂತಲ್ಲಿಂದ ಎಬ್ಬಿಸಿ ನಿಲ್ಲಿಸುವ ಲಿಫ್ಟ್ ಸಾಕು, ಅದೇ ಉತ್ತಮ ಕೂಡ. ಕಾಲಿಗೆ ಕೆಲಸ ಸಿಗುತ್ತದೆ. ಆದರೆ ಪಾರ್ಶ್ವವಾಯುವಿನಿಂದ ಒಂದು ಭುಜ ಸಡಿಲಗೊಂಡವರನ್ನು ಇದಕ್ಕೆ ಕಟ್ಟಿದರೆ ಬೆಲ್ಟು ಕಂಕುಳಿಗೆ ಏರಿ ಆ ಭುಜವನ್ನೇ ಜಗ್ಗುತ್ತದೆ. ಪೂರ್ತಿ ಎತ್ತಬೇಕಾದವರು ಎರಡನೆಯವರು.

ಪೂರ್ತಿ ಎತ್ತುವ ಲಿಫ್ಟಿನಲ್ಲಿ ಕೈಪಂಪಿನದು ಮತ್ತು ಬ್ಯಾಟರಿಯದು ಎಂದು ಎರಡು. ಕೈಪಂಪಿನದು ಅಗ್ಗ, ಕರೆಂಟ್ ಬೇಡ, ರಿಪೇರಿ ಸರಳ. ಮನೆಗೆ ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ವಾರ್ಡಿಗೆ ಬೇಡ. ದಿನಕ್ಕೆ ಹತ್ತಾರು ಸಲ ಎತ್ತುವ ಕಡೆ ಪಂಪ್ ಹೊಡೆಯುವುದೇ ಇನ್ನೊಂದು ದುಡಿತವಾಗುತ್ತದೆ. ಒಬ್ಬರ ಕೈ ಪಂಪಿಗೇ ಕಟ್ಟಿಹೋಗಿ, ಗಾಳಿಯಲ್ಲಿ ತೂಗುವ ರೋಗಿಯನ್ನು ಹಿಡಿಯಲು ಒಬ್ಬರೇ ಉಳಿಯುತ್ತಾರೆ. ಸೀಲ್ ಸವೆದರೆ ತೋಳು ತಾನಾಗಿ ಮೆಲ್ಲಗೆ ಇಳಿಯತೊಡಗುತ್ತದೆ. ಬ್ಯಾಟರಿಯದಾದರೆ ಎರಡನೇ ಬ್ಯಾಟರಿ ಜೊತೆಗೇ ಬರಬೇಕು, ಮೋಟಾರು ಕೈಕೊಟ್ಟಾಗ ಕೈಯಿಂದ ಇಳಿಸುವ ವ್ಯವಸ್ಥೆಯನ್ನು ಡೆಮೊದಲ್ಲೇ ಮಾಡಿಸಿ ನೋಡಬೇಕು.

ಎತ್ತುವ ಸಾಮರ್ಥ್ಯ 150 ಕೆ.ಜಿ.ಯೋ 200 ಕೆ.ಜಿ.ಯೋ ಎಂಬುದು ನಮ್ಮ ಬಹುಪಾಲು ವಾರ್ಡುಗಳಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ಲಿಫ್ಟಿನ ಕಾಲುಗಳು ಮಂಚದ ಕೆಳಗೆ ನುಗ್ಗುತ್ತವೆಯೇ ಎಂಬುದು ಪ್ರಶ್ನೆ. ಹಿಡಿ ತಿರುಗಿಸಿ ಎತ್ತರಿಸುವ ಹಳೆಯ ಕಬ್ಬಿಣದ ಮಂಚಗಳ ಅಡಿಯಲ್ಲಿ ಸರಳುಗಳು ಅಡ್ಡ ಹಾಯ್ದಿರುತ್ತವೆ. ಸಿಟಿ ಸ್ಕ್ಯಾನಿನ ಮೇಜು ನೆಲದವರೆಗೆ ಗಟ್ಟಿ ಪೀಠ, ಅಲ್ಲಿ ಕಾಲು ತೂರಿಸುವ ಮಾತೇ ಇಲ್ಲ. ಶೌಚಾಲಯದ ಬಾಗಿಲು ಎರಡೂವರೆ ಅಡಿ, ಅದಕ್ಕೊಂದು ಹೊಸಿಲು; ಲಿಫ್ಟಿನ ಪುಟ್ಟ ಗಾಲಿಗಳು ಅಲ್ಲೇ ನಿಲ್ಲುತ್ತವೆ. ಬಿದ್ದವರನ್ನು ನೆಲದಿಂದ ಎತ್ತಬೇಕಾದರೆ ತೋಳು ಎಷ್ಟು ಕೆಳಕ್ಕೆ ಬಾಗುತ್ತದೆ ಎಂಬ ಅಳತೆ ಬೇಕು. ಕರಪತ್ರದಲ್ಲಿ ಎಷ್ಟು ಮೇಲಕ್ಕೆ ಏರುತ್ತದೆ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ, ಇದನ್ನು ಸಣ್ಣಕ್ಷರದಲ್ಲಿ ಬಿಟ್ಟಿರುತ್ತಾರೆ.

ಚಾವಣಿಯ ಹಳಿಯಲ್ಲಿ ಓಡುವ ಲಿಫ್ಟಿಗೆ ಈ ತಾಪತ್ರಯಗಳಲ್ಲಿ ಮುಕ್ಕಾಲು ಇಲ್ಲ. ನೆಲದ ಜಾಗ ಬೇಡ, ತಳ್ಳುವ ಶ್ರಮ ಇಲ್ಲ, ಹುಡುಕಿ ತರುವ ಕೆಲಸವಿಲ್ಲ. ಹೊಸ ಕಟ್ಟಡ ಕಟ್ಟುವವರು ಸ್ಲ್ಯಾಬ್ ಹಾಕುವ ಮುಂಚೆಯೇ ಎಂಜಿನಿಯರಿಗೆ ಹೇಳಿಡಬೇಕಾದ ವಿಷಯ ಇದು. ಮಂಗಳೂರು ಹೆಂಚಿನ ಮಾಡಿನಡಿ ನಡೆಯುವ ಹಳೆಯ ಮಿಷನ್ ಆಸ್ಪತ್ರೆಗೆ ಇದನ್ನು ಶಿಫಾರಸು ಮಾಡುವವರು ತಲೆಯೆತ್ತಿ ನೋಡಿಲ್ಲ ಎಂದೇ ಅರ್ಥ.

ಯಂತ್ರಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಅದಕ್ಕೆ ತೂಗುವ ಜೋಲಿಯ ಬಗ್ಗೆ. ಖರೀದಿ ಆದೇಶದಲ್ಲಿ ಅದು ‘ಬಿಡಿಭಾಗ’. ಲಿಫ್ಟಿನೊಂದಿಗೆ ಒಂದು ಉಚಿತ, ಸಾಮಾನ್ಯವಾಗಿ ಮೀಡಿಯಂ. ರೋಗಿಯ ಮೈಗೆ ತಾಗುವುದು ಜೋಲಿ ಮಾತ್ರ, ಲಿಫ್ಟಲ್ಲ. ಅದು ಚಿಕ್ಕದಾದರೆ ತೊಡೆ ಕೊರೆಯುತ್ತದೆ. ದೊಡ್ಡದಾದರೆ ಸಣಕಲು ಮುದುಕಿ ನಡುವಿನ ಸಂದಿಯಿಂದ ಜಾರುತ್ತಾಳೆ. ಒಬ್ಬ ದರ್ಜಿಯ ಅಳತೆ ಇನ್ನೊಬ್ಬನಿಗೆ ಹೊಂದದ ಹಾಗೆ ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ. ಕುಣಿಕೆ ಹಾಕುವ ಜೋಲಿಯನ್ನು ಕ್ಲಿಪ್ಪಿನ ಲಿಫ್ಟಿಗೆ ಹೇಗೋ ಸಿಕ್ಕಿಸುವುದು ಅಪಾಯಕ್ಕೆ ಆಹ್ವಾನ. ತಲೆ ನಿಲ್ಲದವರಿಗೆ ತಲೆಯಾಸರೆಯದು, ಕಾಲು ಕತ್ತರಿಸಿದವರಿಗೆ ಅವರದ್ದೇ ಬಗೆಯದು, ಸ್ನಾನಕ್ಕೆ ಬಲೆಯದು ಬೇಕು. ಶೌಚಕ್ಕೆಂದು ಕೆಳಗೆ ಅಗಲ ತೆರೆದ ಜೋಲಿ ಬರುತ್ತದೆ, ಅದು ತಾವಾಗಿ ಬೆನ್ನು ನಿಲ್ಲಿಸಬಲ್ಲವರಿಗೆ ಮಾತ್ರ. ಕುಣಿಕೆಗಳಲ್ಲೂ ಲೆಕ್ಕವಿದೆ: ಭುಜದ ಕಡೆ ಗಿಡ್ಡ, ಕಾಲ ಕಡೆ ಉದ್ದ ಹಾಕಿದರೆ ನೆಟ್ಟಗೆ ಕೂತ ಭಂಗಿ, ತಿರುಗಿಸಿ ಹಾಕಿದರೆ ಒರಗಿದ ಭಂಗಿ. ವೀಲ್‌ಚೇರಿಗೆ ಇಳಿಸುವಾಗ ಎರಡನೆಯದು ಬಂದರೆ ರೋಗಿ ಸೀಟಿನ ತುದಿಯಲ್ಲಿ ಜಾರಿ ಕೂರುತ್ತಾನೆ. ಮತ್ತೆ ಕಂಕುಳಿಗೆ ಕೈಹಾಕಿ ಎತ್ತಿ ಹಿಂದಕ್ಕೆ ಕೂರಿಸುವ ಕೆಲಸ. ಲಿಫ್ಟ್ ತಂದದ್ದೇ ದಂಡ.

ನಮ್ಮ ಉಡುಪಿನ ಮಾತನ್ನು ವಿದೇಶಿ ಕ್ಯಾಟಲಾಗ್ ಆಡುವುದಿಲ್ಲ. ತೊಡೆಗಳ ನಡುವೆ ಪಟ್ಟಿ ಹಾಯಿಸುವ ಜೋಲಿಯನ್ನು ನೈಟಿ, ಸೀರೆ, ಪಂಚೆ ಉಟ್ಟವರಿಗೆ ಹಾಕಿದರೆ ಬಟ್ಟೆ ಸೊಂಟಕ್ಕೇರುತ್ತದೆ. ಜನರಲ್ ವಾರ್ಡಿನ ನಡುವೆ, ಎಲ್ಲರ ಕಣ್ಣೆದುರು. ‘ನನ್ನನ್ನು ಅದರಲ್ಲಿ ನೇತುಹಾಕಬೇಡ್ರಮ್ಮ’ ಎನ್ನುವ ಅಜ್ಜಿಯ ದನಿಯಲ್ಲಿ ಹೆದರಿಕೆಯಷ್ಟೇ ನಾಚಿಕೆಯೂ ಇರುತ್ತದೆ. ಮೇಲೆ ಹೊದಿಸಲು ಒಂದು ದುಪ್ಪಟಿ, ಮಂಚಕ್ಕೊಂದು ಪರದೆ ಇಲ್ಲದ ವಾರ್ಡಿಗೆ ಲಿಫ್ಟ್ ತರುವುದು ಅರ್ಧ ಕೆಲಸ. ಹೈಡ್ರಾಲಿಕ್ ಲಿಫ್ಟಿಗೆ ಹೆಸರು ಕೊಟ್ಟ ಅಮೆರಿಕದ ಟೆಡ್ ಹೋಯರ್ ಸ್ವತಃ ಕಾರು ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡವರು. ಎತ್ತಿಸಿಕೊಳ್ಳಬೇಕಾದವರೇ ಅದನ್ನು ರೂಪಿಸಿದರು. ನಮ್ಮ ಖರೀದಿ ಸಮಿತಿಗಳಲ್ಲಿ ಎತ್ತಿಸಿಕೊಳ್ಳುವವರೂ ಇಲ್ಲ, ಎತ್ತುವವರೂ ಇಲ್ಲ.

ಸರ್ಕಾರಿ ಆಸ್ಪತ್ರೆಯವರು ಇಲ್ಲಿ ಕರ್ನಾಟಕದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯನ್ನೂ ಎಲ್-1 ಅನ್ನೂ, ಅಂದರೆ ಅತಿ ಕಡಿಮೆ ದರದ ಟೆಂಡರನ್ನೂ, ಮುಂದಿಡುತ್ತಾರೆ. ಕಡಿಮೆ ದರದವನಿಗೇ ಕೊಡಬೇಕೆಂಬುದು ಸರಿ, ಆದರೆ ಯಾವುದರ ದರ ಎಂದು ಬರೆಯುವ ಕೈ ಆಸ್ಪತ್ರೆಯದೇ. ‘ಪೇಷಂಟ್ ಲಿಫ್ಟ್, 150 ಕೆ.ಜಿ., 1’ ಎಂದು ಬರೆದರೆ ಮೂಲೆ ಸೇರುವ ಲಿಫ್ಟೇ ಬರುತ್ತದೆ. ಐಎಸ್‌ಒ 10535ರ ಪ್ರಮಾಣಪತ್ರ, ಕಾಲಿನ ಎತ್ತರ, ತೋಳಿನ ಅತಿ ಕೆಳಗಿನ ಮಟ್ಟ, ಮೂರು ಅಳತೆಯ ಜೋಲಿಗಳು, ಐದು ವರ್ಷ ಬದಲಿ ಜೋಲಿ ಪೂರೈಸುವ ದರ, ನಮ್ಮ ಮಂಚ ಮತ್ತು ನಮ್ಮ ಶೌಚಾಲಯದಲ್ಲೇ ಡೆಮೊ ಎಂದು ಬರೆದರೆ ಅದೇ ಎಲ್-1 ಬೇರೆ ಯಂತ್ರವನ್ನು ತರುತ್ತದೆ. ಡೆಮೊ ನೋಡಿ ಅಂಕ ಕೊಡುವವರು ರಾತ್ರಿ ಪಾಳಿಯ ಸಿಸ್ಟರ್ ಮತ್ತು ಆಯಾಗಳಾಗಿರಲಿ. ಕಂಪನಿಯವನು ಎತ್ತಿ ತೋರಿಸುವುದು ಬೇಡ, ಅವರೇ ಎತ್ತಲಿ. ಹಲವು ಕಂಪನಿಗಳ ಕೈಪಿಡಿಯಲ್ಲಿ ಎತ್ತುವಾಗ ಗಾಲಿಯ ಬ್ರೇಕ್ ಹಾಕಬಾರದು, ಲಿಫ್ಟು ತಾನೇ ಸರಿದು ಭಾರದ ನಡುವಿಗೆ ಬರಬೇಕು ಎಂದಿರುತ್ತದೆ. ಎಲ್ಲರ ಕೈಯೂ ಮೊದಲು ಬ್ರೇಕಿಗೇ ಹೋಗುತ್ತದೆ. ಇಂಥದ್ದು ಡೆಮೊದಲ್ಲೇ ಹೊರಬೀಳಲಿ.

ಬ್ರಿಟನ್ನಿನಲ್ಲಿ 1998ರ ನಿಯಮದಂತೆ ಮನುಷ್ಯರನ್ನು ಎತ್ತುವ ಸಲಕರಣೆಯನ್ನು ಜೋಲಿಯ ಸಮೇತ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಲ್ಲವರು ಪರೀಕ್ಷಿಸಬೇಕು. ನಮ್ಮ ವಾರ್ಷಿಕ ನಿರ್ವಹಣೆಯ (ಎಎಂಸಿ) ಕರಾರುಗಳಲ್ಲಿ ಮೋಟಾರು ಇರುತ್ತದೆ, ಬ್ಯಾಟರಿ ಇರುತ್ತದೆ. ಜೋಲಿ ಲಾಂಡ್ರಿಯ ಪಾಲು. ಅಲ್ಲಿ ಅದು ಬೆಡ್‌ಶೀಟುಗಳ ಜೊತೆ ಬ್ಲೀಚಿನಲ್ಲಿ ನೆನೆದು, ಕುಣಿಕೆಯ ಹೊಲಿಗೆ ಬಿಳಿಚಿಕೊಂಡು ವಾಪಸು ಬರುತ್ತದೆ. ಪ್ರತಿ ಜೋಲಿಗೆ ನಂಬರು ಹಾಕಿ, ಬಳಕೆಗೆ ಇಳಿದ ದಿನಾಂಕ ಬರೆದು, ಬಣ್ಣ ಹೋದದ್ದನ್ನು, ನೂಲು ಎದ್ದದ್ದನ್ನು ಕತ್ತರಿಸಿ ಬಿಸಾಡುವ ಅಧಿಕಾರ ವಾರ್ಡ್ ಸಿಸ್ಟರ್‌ಗೆ ಬೇಕು. ಹಾಗೆ ಬಿಸಾಡಿದ್ದಕ್ಕೆ ಸ್ಟೋರ್‌ನವರು ಅವರಿಂದ ವಿವರಣೆ ಕೇಳಬಾರದು.