ನೆರವು ಯಾವ ತಿಂಗಳು ತಲುಪಿತು?

ಬರ, ಭೂಕಂಪ ಏನೇ ಬರಲಿ, ಯಾವ ದೇಶ ಎಷ್ಟು ಕೊಟ್ಟಿತೆಂಬ ಪಟ್ಟಿ ಬೆನ್ನಿಗೇ ಬರುತ್ತದೆ. ಹೆಚ್ಚು ಕೊಟ್ಟವರು ಒಳ್ಳೆಯ ದಾನಿಗಳು. ಸ್ವಲ್ಪ ಸೂಕ್ಷ್ಮವಾಗಿ ನೋಡುವವರು ರಾಷ್ಟ್ರೀಯ ಆದಾಯದಲ್ಲಿ ಶೇಕಡಾ ಎಷ್ಟೆಂದು ಲೆಕ್ಕ ಹಾಕಿ ಸ್ವೀಡನ್, ನಾರ್ವೆಗಳನ್ನು ಮೇಲೇರಿಸುತ್ತಾರೆ. ಎರಡೂ ಅಳೆಯುವುದು ಕೊಡುವವರ ಕಿಸೆಯನ್ನು, ನೆರವು ತಲುಪಿದ ಹೊತ್ತನ್ನಲ್ಲ.

ಸೊಮಾಲಿಯಾದ 2011ರ ಕ್ಷಾಮವನ್ನೇ ತೆಗೆದುಕೊಳ್ಳಿ. 2010ರ ಆಗಸ್ಟ್‌ನಿಂದಲೇ ಎಚ್ಚರಿಕೆಗಳಿದ್ದವು. ವರ್ಷದ ಕೊನೆಯ ಮಳೆ ಕೈಕೊಟ್ಟಿತು, ಮರುವರ್ಷ ಏಪ್ರಿಲ್‌ನಲ್ಲಿ ಹಿಡಿಯಬೇಕಿದ್ದ ಮಳೆಯೂ ಸರಿಯಾಗಿ ಬರಲಿಲ್ಲ. ಬೈದೋವಾ ಪಟ್ಟಣದ ಸುತ್ತಿನ ಜೋಳದ ಸೀಮೆಯಲ್ಲೇ ಜೋಳ ತುಟ್ಟಿಯಾಯಿತು, ಬಡಕಲು ಮೇಕೆಯನ್ನು ಕೇಳುವವರಿಲ್ಲವಾಯಿತು. ಮೇಕೆ ಮಾರಿ ಕಾಳು ತರುವ ಸಂಸಾರಕ್ಕೆ ಎರಡೂ ಕಡೆಯಿಂದ ಏಟು. ಈ ಬೆಲೆಗಳ ವರದಿ ದಾನಿ ಸರ್ಕಾರಗಳಿಗೆ ತಪ್ಪದೆ ಹೋಗುತ್ತಿತ್ತು. ಆದರೂ ಹಣ ಧಾರಾಳವಾಗಿ ಹರಿದದ್ದು ಜುಲೈ 20ರಂದು ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ ಮೇಲೆ. ಸತ್ತವರು ಸುಮಾರು 2,58,000 ಎಂದು 2013ರ ಅಧ್ಯಯನ ಅಂದಾಜಿಸಿತು. ಅರ್ಧಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ವರ್ಷದ ಮೊತ್ತ ಕೂಡಿ ದಾನಿಗಳನ್ನು ಹೊಗಳುವ ಲೆಕ್ಕದಲ್ಲಿ ಈ ಮಕ್ಕಳಿಗೆ ಜಾಗವೇ ಇಲ್ಲ.

ಅಲ್ಲಿನ ಉಗ್ರ ಸಂಘಟನೆ ಅಲ್-ಶಬಾಬ್ ಹಲವು ನೆರವು ಸಂಸ್ಥೆಗಳನ್ನು ಹೊರಹಾಕಿತ್ತು, ನಿಜ. ಆದರೆ ನೆರವು ಉಗ್ರರ ಪಾಲಾದರೆ ಶಿಕ್ಷೆಯಾದೀತೆಂಬ ಅಮೆರಿಕದ ಕಾನೂನಿನ ಭಯವೂ ಸಂಸ್ಥೆಗಳ ಕೈಕಟ್ಟಿತ್ತು.

ನೆರವಿನ ಗುಣಮಟ್ಟ ಅಳೆಯುವ ಯತ್ನ ಆಗಿಲ್ಲವೆಂದಲ್ಲ. 2003ರಲ್ಲಿ ದಾನಿಗಳೇ ಸ್ಟಾಕ್‌ಹೋಮ್‌ನಲ್ಲಿ ಒಪ್ಪಿದ ಉತ್ತಮ ನೆರವಿನ ತತ್ವಗಳಿಗೆ ಅವರನ್ನೇ ಒರೆಹಚ್ಚಿ, ಮ್ಯಾಡ್ರಿಡ್‌ನ ಡಾರಾ ಸಂಸ್ಥೆ 2007ರಲ್ಲಿ ದಾನಿಗಳ ಸೂಚ್ಯಂಕ ಹೊರತಂದಿತು. ಅದು ದಿಟ್ಟ ಕೆಲಸ. ಆದರೆ ಹತ್ತಾರು ಅಂಶ ಬೆರೆಸಿ ಒಂದೇ ರ‍್ಯಾಂಕ್ ಕೊಟ್ಟಾಗ, ತಡಮಾಡಿದ ತಪ್ಪು ಬೇರೆ ಅಂಕಗಳಡಿ ಮುಚ್ಚಿಹೋಗುತ್ತದೆ. ಅದಕ್ಕಾಗಿ ಅಭಿಪ್ರಾಯ ಕೇಳಿದ್ದು ಮುಖ್ಯವಾಗಿ ನೆರವು ಸಂಸ್ಥೆಗಳ ಸಿಬ್ಬಂದಿಯನ್ನು. ಅವರ ಮುಂದಿನ ವರ್ಷದ ಹಣವೂ ಅದೇ ದಾನಿಗಳಿಂದ ಬರಬೇಕು. ನನ್ನ ಪ್ರಕಾರ ಪ್ರತಿ ದಾನಿಯ ಹೆಸರಿನ ಮುಂದೆ ಮೂರು ದಿನಾಂಕ ಅಚ್ಚಾಗಬೇಕು: ಎಚ್ಚರಿಕೆ ಬಂದದ್ದು, ಹಣ ಬಿಡುಗಡೆಯಾದದ್ದು, ಕಾಳೋ ನಗದೋ ಮನೆ ಸೇರಿದ್ದು. ರ‍್ಯಾಂಕ್ ಆಮೇಲೆ.

ಮುನ್ಸೂಚನೆ ನಂಬಿ ಹಣ ಕೊಟ್ಟ ಮೇಲೆ ಮಳೆ ಬಂದುಬಿಟ್ಟರೆ ಎಂದು ಕೇಳುವವರಿದ್ದಾರೆ. ಬರಲಿ. ಮೇಕೆ ಮಾರದೆ ಉಳಿದ ಸಂಸಾರವನ್ನು ನಷ್ಟದ ಬಾಬಿನಲ್ಲಿ ಬರೆಯಲಾಗದು. 2017ರಲ್ಲಿ ಅದೇ ಸೊಮಾಲಿಯಾಕ್ಕೆ ವರ್ಷದ ಮೊದಲ ತಿಂಗಳುಗಳಲ್ಲೇ ನೆರವು ಬಂತು, ದೊಡ್ಡ ಪಾಲು ನಗದಾಗಿ ಮನೆಗಳಿಗೆ ಹೋಯಿತು. ಮಳೆ ಮತ್ತೆ ಕೈಕೊಟ್ಟಿತ್ತು. ಕ್ಷಾಮ ಘೋಷಿಸುವ ಸ್ಥಿತಿ ಮಾತ್ರ ಬರಲಿಲ್ಲ.