ಬಣ್ಣದ ಕೆಳಗಿನ ಕಾಗದ

ಹಳೆಯ ಕಾಗದವನ್ನು ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಹಚ್ಚಿಯೋ ಅರೆದು ಮುದ್ದೆ ಮಾಡಿಯೋ ಆಕಾರ ಕೊಡುವ ಪೇಪರ್ ಮ್ಯಾಶೆ ಕಲೆಗೆ ನಮ್ಮ ಶಾಲೆಗಳಲ್ಲಿ ‘ಕಸದಿಂದ ರಸ’ ಎಂದು ಹೆಸರು. ಈ ಹೆಸರಿನ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು. ಕಾಗದವನ್ನು ಕಸವೆಂದ ಕೂಡಲೇ ಅದನ್ನು ಮುಚ್ಚಿಹಾಕುವುದೇ ಕಲೆ ಎಂದಾಗಿಬಿಡುತ್ತದೆ. ಮಕ್ಕಳು ಮಣಿ, ಗರಿ, ಜರತಾರಿ ಅಂಟಿಸುತ್ತಾರೆ. ವಸ್ತುಪ್ರದರ್ಶನದ ತೀರ್ಪುಗಾರರು ದೂರ ನಿಂತು, ಬಣ್ಣ ನೋಡಿ ಬಹುಮಾನ ಕೊಡುತ್ತಾರೆ. ಒಳಪದರ ಒಣಗಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡುವವರಿಲ್ಲ.

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಚರಿದಾ ಎಂಬ ಹಳ್ಳಿಯಿದೆ. ಅಲ್ಲಿಯ ಛಾವು ಮುಖವಾಡಗಳನ್ನು ನೋಡಿ. ಮೊದಲು ಮಣ್ಣಿನಲ್ಲಿ ಮುಖ ತಿದ್ದಿ ಒಣಗಿಸುತ್ತಾರೆ. ಕಾಗದ ಮಣ್ಣಿಗೆ ಕಚ್ಚಿಕೊಳ್ಳದಿರಲೆಂದು ಬೂದಿ ಉದುರಿಸುತ್ತಾರೆ. ಅನಂತರ ಅಂಟು ಸವರಿದ ಕಾಗದದ ಎಂಟು-ಹತ್ತು ಪದರ, ಅದರ ಮೇಲೆ ತೆಳುಮಣ್ಣು, ಬಟ್ಟೆ. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ ಸಿಗುವುದು ಟೊಳ್ಳಾದ, ಹಗುರವಾದ ಮುಖ. ಹಗುರವಾಗಿರಲೇಬೇಕು, ಅದನ್ನು ಕಟ್ಟಿಕೊಂಡವನು ನೆಗೆಯಬೇಕು, ಲಾಗ ಹಾಕಬೇಕು. ಮುಖ ಅಲುಗದಾದ್ದರಿಂದ ಕೋಪ, ಗರ್ವ ಎಲ್ಲವನ್ನೂ ಕತ್ತು-ಹೆಗಲುಗಳಲ್ಲೇ ತೋರಿಸಬೇಕು. ಸುತ್ತ ಕಟ್ಟಿದ ಗರಿ, ಮಣಿ, ತಗಡುಗಳು ಆ ಅದುರನ್ನು ದೂರ ಕುಳಿತವರಿಗೂ ಮುಟ್ಟಿಸುತ್ತವೆ. ಅಲಂಕಾರಕ್ಕೂ ಅಲ್ಲಿ ಕೆಲಸವಿದೆ.

2010ರಲ್ಲಿ ಛಾವು ನೃತ್ಯ ಯುನೆಸ್ಕೋ ಪಟ್ಟಿಗೆ ಸೇರಿತು. 2018ರಲ್ಲಿ ಪುರುಲಿಯಾದ ಮುಖವಾಡಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಗೋಡೆಗೆ ತೂಗುಹಾಕುವ ಮುಖವಾಡಗಳೂ ಅಲ್ಲಿ ತಯಾರಾಗುತ್ತವೆ. ಮಾಡುವವರ ಒಲೆ ಉರಿಯಲು ಅವೂ ಬೇಕು, ಹೀಗಳೆಯಲಾರೆ. ಆದರೆ ಗೋಡೆಯ ಮುಖವಾಡ ಎಷ್ಟೇ ಭಾರವಾದರೂ ಕೇಳುವವರಿಲ್ಲ. ‘ಸಾಕು’ ಎನ್ನಲು ಅಲ್ಲಿ ಕುಣಿಯುವವನ ಕತ್ತಿಲ್ಲ. ಅಲಂಕಾರ ಅಂಕೆ ತಪ್ಪುವುದು ಇಂಥಲ್ಲೇ ಎಂದು ನನಗನಿಸುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕಾಗದದ್ದಲ್ಲ, ಆದರೂ ಅದೇ ಪಾಠ ಹೇಳುತ್ತದೆ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರು, ಮರದ ಹೊಟ್ಟು, ಅದೇ ಅಂಟು ಕಲಸಿದ ‘ಕಿಟ್ಟ’ದಿಂದ ಸಂದು ತುಂಬುತ್ತಾರೆ. ಅರಿವೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲಷ್ಟೇ ಬಣ್ಣ. ನಾವು ಮೆಚ್ಚಿ ಕೊಳ್ಳುವ ಕಾಮಧೇನುವಿನ ಹೊಳಪು ಕೊನೆಯ ದಿನದ ಕೆಲಸ. ಅದಕ್ಕಿಂತ ಹಿಂದಿನ ದಿನಗಳ ದುಡಿಮೆಯೆಲ್ಲ ಅದರ ಕೆಳಗೆ ಅಡಗಿರುತ್ತದೆ. ಹೊಳಪಿಗೆ ಮಾತ್ರ ಬೆಲೆ ಕಟ್ಟಿ ಚೌಕಾಸಿ ಮಾಡುವವರು ಆ ದಿನಗಳ ಕೂಲಿಯನ್ನೇ ಮರೆಯುತ್ತಾರೆ.

ಮಿಶ್ರ ಮಾಧ್ಯಮವೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಮೆತ್ತುವುದಲ್ಲ. ಒಂದು ವಸ್ತು ಮಾಡಲಾಗದ್ದನ್ನು ಇನ್ನೊಂದು ಮಾಡಬೇಕು. ಕಾಗದಕ್ಕೆ ಬಟ್ಟೆ ಬಲವಾಗಬೇಕು, ಮರದ ಸಂದಿಗೆ ನಾರು ನೆರವಾಗಬೇಕು. ತೆಗೆದರೆ ಏನೂ ಕೆಡದು ಎನ್ನುವಂಥದ್ದನ್ನು ತೆಗೆದುಬಿಡುವುದೇ ಲೇಸು. ಮಗು ಕಾಗದದ ಆನೆ ಮಾಡಿ ತಂದರೆ ಮೊದಲು ಕೈಗೆತ್ತಿಕೊಂಡು ಭಾರ ನೋಡಬೇಕು. ನಾಲ್ಕು ಕಾಲ ಮೇಲೆ ನಿಲ್ಲುತ್ತದೆಯೇ ನೋಡಬೇಕು. ಎಷ್ಟು ಪದರ ಹಚ್ಚಿದೆ, ಎಷ್ಟು ದಿನ ಒಣಗಿಸಿದೆ ಎಂದು ವಿಚಾರಿಸಬೇಕು. ಬಣ್ಣದ ಮಾತು ಆಮೇಲೆ.