ಗಾಳಿಯಂತ್ರಕ್ಕೆ ಪರಿಸರ ಪರಿಶೀಲನೆ ಬೇಡವೇ?

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರನ್ನು ದಾಟಿದರೆ ಆದಿವಾಲ ಸಿಗುತ್ತದೆ. ನೀವು ಆ ದಾರಿಯಲ್ಲಿ ಪ್ರಯಾಣ ಮಾಡಿದ್ದರೆ, ಚಿತ್ರದುರ್ಗದತ್ತ ಸಾಗಿದಂತೆ ಗುಡ್ಡಸಾಲುಗಳ ನೆತ್ತಿಯ ಮೇಲೆ ನಿಧಾನವಾಗಿ ತಿರುಗುವ ಬಿಳಿಯ ಗಾಳಿಯಂತ್ರಗಳನ್ನು ಖಂಡಿತ ನೋಡಿರುತ್ತೀರಿ. ಊರವರ ಬಾಯಲ್ಲಿ ಅವು ‘ಫ್ಯಾನು’ಗಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಮಕ್ಕಳಿಗೆ ಇಂದು ಅವಿಲ್ಲದ ದಿಗಂತವೇ ಗೊತ್ತಿಲ್ಲ.

ಒಮ್ಮೆ ಆದಿವಾಲದ ರಸ್ತೆ ಬದಿಯ ಚಹಾದಂಗಡಿಯಲ್ಲಿ ಕುಳಿತಿದ್ದಾಗ, ನಾನು ಭೌತವಿಜ್ಞಾನ ಕಲಿಸುವವನೆಂದು ತಿಳಿದ ಹಿರಿಯ ರೈತರೊಬ್ಬರು ಕೇಳಿದರು: “ಮೇಷ್ಟ್ರೇ, ನೀವು ಓದಿದೋರು. ಈ ಫ್ಯಾನುಗಳು ಮೋಡ ಓಡಿಸ್ತಾವಂತಲ್ಲ, ನಿಜವಾ?”

ನಾನು ನನಗೆ ತಿಳಿದಷ್ಟನ್ನು ಹೇಳಿದೆ. ಮಳೆ ತರುವ ಮೋಡದ ಬುಡವೇ ಸಾಮಾನ್ಯವಾಗಿ ನೂರಾರು ಮೀಟರ್‌ಗಳಿಂದ ಒಂದೆರಡು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಮೈ ಇನ್ನೂ ಹಲವು ಕಿಲೋಮೀಟರ್ ಮೇಲಕ್ಕೆ ಚಾಚಿರುತ್ತದೆ. ಗಾಳಿಯಂತ್ರವು ನೆಲಕ್ಕೆ ಹತ್ತಿರದ ನೂರಿನ್ನೂರು ಮೀಟರ್ ಪದರದಿಂದ ಒಂದಿಷ್ಟು ಚಲನಶಕ್ತಿಯನ್ನು ಪಡೆಯುತ್ತದೆ, ಅಷ್ಟೇ. ಮುಂಗಾರನ್ನು ತಡೆಯುವ ಬಲ ಅದಕ್ಕಿಲ್ಲ. ಆದರೆ ಅದು ಏನೂ ಮಾಡುವುದಿಲ್ಲ ಎನ್ನುವುದೂ ಸರಿಯಲ್ಲ. ರಾತ್ರಿ ನೆಲದ ಮೇಲೆ ನಿಂತ ತಂಪು ಗಾಳಿಯನ್ನು ಮೇಲಿನ ಬೆಚ್ಚನೆಯ ಗಾಳಿಯೊಂದಿಗೆ ಅದು ಕಲಕುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ದೊಡ್ಡ ಪವನ ಕ್ಷೇತ್ರಗಳಿರುವ ಕಡೆ ರಾತ್ರಿಯ ನೆಲದ ಉಷ್ಣತೆ ತುಸು ಏರಿದ್ದು ಉಪಗ್ರಹದ ಅಳತೆಗಳಿಂದ ಕಂಡುಬಂದಿದೆ. ಆ ಸಂಶೋಧನೆ 2012ರಲ್ಲಿ ಪ್ರಕಟವಾಯಿತು.

ಅವರು ತಾಳ್ಮೆಯಿಂದ ಕೇಳಿಸಿಕೊಂಡು, “ಹಂಗಾದ್ರೆ ಇದನ್ನ ಹಾಕೋವಾಗ್ಲೇ ಯಾರಾದ್ರೂ ಬಂದು ಯಾಕೆ ಹೇಳ್ಲಿಲ್ಲ?” ಎಂದರು. ಮೋಡದ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಈ ಪ್ರಶ್ನೆಗೆ ಇರಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಕಾನೂನು ಏನೆನ್ನುತ್ತದೆ?

ನಮ್ಮ ದೇಶದಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನ ಕಡ್ಡಾಯವಾದದ್ದು 1994ರ ಅಧಿಸೂಚನೆಯಿಂದ. ಸಾರ್ವಜನಿಕ ಅಹವಾಲು ಸಭೆ ಅದಕ್ಕೆ ಸೇರಿದ್ದು 1997ರಲ್ಲಿ. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳು. ಅದರಲ್ಲಿ ಅಹವಾಲು ಸಭೆಯ ಕ್ರಮವನ್ನು ವಿವರವಾಗಿ ಹೇಳಿದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯಾದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಕೊನೆಗೆ ನಡಾವಳಿಯನ್ನು ಜನರ ಮುಂದೆಯೇ ಓದಿ ಹೇಳಬೇಕು.

ಇಷ್ಟೆಲ್ಲ ಎಚ್ಚರವಿರುವ ಅಧಿಸೂಚನೆಯ ಅನುಸೂಚಿಯಲ್ಲಿ ಪವನ ವಿದ್ಯುತ್ ಇಲ್ಲ. ಬೆಂಗಳೂರಿನಲ್ಲಿ 20,000 ಚದರ ಮೀಟರ್ ವಿಸ್ತಾರದ ವಾಣಿಜ್ಯ ಕಟ್ಟಡ ಕಟ್ಟಲು ಪರಿಸರ ಪೂರ್ವಾನುಮತಿ ಬೇಕು. ಗುಡ್ಡಗಳ ಮೇಲೆ 100 ಮೆಗಾವಾಟ್ ಪವನ ಕ್ಷೇತ್ರ ಸ್ಥಾಪಿಸಲು ಬೇಡ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಬಣ್ಣಗಳಿಂದ ವಿಂಗಡಿಸಿದಾಗ ಪವನ ವಿದ್ಯುತ್ತಿಗೆ ‘ಬಿಳಿ’ ವರ್ಗ ದೊರೆಯಿತು. ಹೊಗೆಯಿಲ್ಲ, ಬೂದಿಯಿಲ್ಲ, ಕೊಳಕು ನೀರಿಲ್ಲ ಎಂಬ ಅರ್ಥದಲ್ಲಿ ಅದು ನ್ಯಾಯವೇ. ಆದರೆ ಮಾಲಿನ್ಯವಿಲ್ಲ ಎಂಬುದೂ ಪರಿಣಾಮವಿಲ್ಲ ಎಂಬುದೂ ಒಂದೇ ಅಲ್ಲ. ಐರೋಪ್ಯ ಒಕ್ಕೂಟ 1997ರಲ್ಲೇ ಪವನ ಕ್ಷೇತ್ರಗಳನ್ನು ತನ್ನ ನಿರ್ದೇಶನದ ಎರಡನೆಯ ಪಟ್ಟಿಗೆ ಸೇರಿಸಿತು. ಎಲ್ಲ ಯೋಜನೆಗೂ ಪೂರ್ಣ ಅಧ್ಯಯನ ಬೇಕಿಲ್ಲ, ಬೇಕೋ ಬೇಡವೋ ಎಂದು ಮೊದಲು ಪರಿಶೀಲಿಸಿ ಎಂಬುದು ಆ ಪಟ್ಟಿಯ ಆಶಯ.

ಅರಣ್ಯ ಭೂಮಿಯಾದರೆ 1980ರ ಅರಣ್ಯ (ಸಂರಕ್ಷಣೆ) ಕಾಯ್ದೆಯಂತೆ ಕೇಂದ್ರದ ಅನುಮತಿ ಬೇಕು. ಪವನ ಯೋಜನೆಗಳಿಗೆಂದೇ 2004ರಲ್ಲಿ ಮಾರ್ಗಸೂಚಿಗಳು ಬಂದವು. ಹೆದ್ದಾರಿ ಮತ್ತು ಜನವಸತಿಯಿಂದ 300 ಮೀಟರಿಗೂ ಹೆಚ್ಚು ದೂರವಿರಬೇಕು, ಹಕ್ಕಿಗಳು ಬಡಿಯದಂತೆ ಅಲಗಿನ ತುದಿಗೆ ಕಿತ್ತಳೆ ಬಣ್ಣ ಬಳಿಯಬೇಕು ಎಂಬಂಥ ಷರತ್ತುಗಳು ಅವುಗಳಲ್ಲಿವೆ. ಅರಣ್ಯ ಹಕ್ಕು ಕಾಯ್ದೆ ಬಂದ ಬಳಿಕ, 2009ರ ಆಗಸ್ಟ್‌ನಲ್ಲಿ, ಅರಣ್ಯ ಭೂಮಿಯ ಪರಿವರ್ತನೆಗೆ ಗ್ರಾಮಸಭೆಯ ಒಪ್ಪಿಗೆಯ ದಾಖಲೆ ಬೇಕೆಂದು ಕೇಂದ್ರ ಸೂಚಿಸಿತು. 2022ರ ನಿಯಮಗಳು ಈ ಹೊಣೆಯನ್ನು ರಾಜ್ಯ ಸರ್ಕಾರದ ಅಂತಿಮ ಆದೇಶದ ಹಂತಕ್ಕೆ ಒಯ್ದವು. ಅಂದರೆ ಕೇಂದ್ರದ ಒಪ್ಪಿಗೆ ಮೊದಲು, ಊರಿನವರ ಮಾತು ಅನಂತರ.

‘ಯಾವ ಆಕ್ಷೇಪಣೆಯೂ ಬರಲಿಲ್ಲ’

ಹಾಗಾದರೆ ಚಿತ್ರದುರ್ಗದ ಜನರನ್ನು ಯಾರೂ ಕೇಳಲೇ ಇಲ್ಲವೇ? ಕೇಳಿದ್ದುಂಟು, ಬೇರೊಂದು ಕಾರಣಕ್ಕೆ. 2005ರಲ್ಲಿ ಜಾರಿಗೆ ಬಂದ ಕ್ಯೋಟೊ ಒಪ್ಪಂದದ ‘ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ’ಯಲ್ಲಿ ಕಾರ್ಬನ್ ಜಮೆ ಪಡೆಯಲು ಈ ಜಿಲ್ಲೆಯ ಹಲವು ಪವನ ಯೋಜನೆಗಳು ನೋಂದಾಯಿಸಿಕೊಂಡವು. ಈಗ ಆ ವ್ಯವಸ್ಥೆ ಹೊಸ ನೋಂದಣಿ ನಿಲ್ಲಿಸಿದೆ. ಅದರ ನಿಗದಿತ ನಮೂನೆಯಲ್ಲಿ ಪರಿಸರ ಪರಿಣಾಮಕ್ಕೆ ಒಂದು ವಿಭಾಗ, ಸ್ಥಳೀಯರ ಅಭಿಪ್ರಾಯಕ್ಕೆ ಇನ್ನೊಂದು ವಿಭಾಗ ಇದ್ದವು.

ಇಂಥ ದಾಖಲೆಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪರಿಸರ ವಿಭಾಗದಲ್ಲಿ ಸಾಮಾನ್ಯವಾಗಿ, ಭಾರತದ ಕಾನೂನಿನಂತೆ ಈ ಯೋಜನೆಗೆ ಮೌಲ್ಯಮಾಪನ ಬೇಕಿಲ್ಲ ಎಂಬ ಮಾತಿರುತ್ತದೆ. ಅಭಿಪ್ರಾಯದ ವಿಭಾಗದಲ್ಲಿ ಊರವರು ಉದ್ಯೋಗ, ರಸ್ತೆ, ವಿದ್ಯುತ್ತಿನ ಬಗ್ಗೆ ಕೇಳಿದರು, ಯೋಜನೆಯನ್ನು ಸ್ವಾಗತಿಸಿದರು, ಪ್ರತಿಕೂಲ ಅಭಿಪ್ರಾಯ ಬರಲಿಲ್ಲ ಎಂಬ ಮಾತಿರುತ್ತದೆ. ದಾಖಲೆಯನ್ನು ಜಗತ್ತಿನ ಮುಂದಿಟ್ಟು 30 ದಿನ ಪ್ರತಿಕ್ರಿಯೆಗೆ ಕಾಯುತ್ತಿದ್ದರು. ಆದರೆ ಅದು ಇಂಗ್ಲಿಷಿನಲ್ಲಿರುತ್ತಿತ್ತು. ಹೊಸದುರ್ಗದ ಕುರಿಗಾಹಿ ಅದನ್ನು ಓದಿ ಆಕ್ಷೇಪಿಸಬೇಕಿತ್ತೇ?

ಈ ದಾಖಲೆಗಳಲ್ಲಿ ಸುಳ್ಳಿದೆ ಎಂದು ನಾನು ಹೇಳುತ್ತಿಲ್ಲ. ನನ್ನ ಆಕ್ಷೇಪ ವಿಧಾನದ ಬಗ್ಗೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಅಳತೆ ಮಾಡದೆ ‘ದೋಷವೇನೂ ಕಾಣಲಿಲ್ಲ’ ಎಂದು ಬರೆದರೆ ನಾವು ಅಂಕ ಕೊಡುವುದಿಲ್ಲ. ಜನರ ಮುಂದೆ ಅಂಕಿಗಳನ್ನು ಇಡದೆ ಅಭಿಪ್ರಾಯ ಕೇಳಿದರೆ ಅವರು ತಮಗೆ ಗೊತ್ತಿರುವುದನ್ನೇ ಕೇಳುತ್ತಾರೆ: ಕೆಲಸ ಕೊಡುತ್ತೀರಾ, ರಸ್ತೆ ಹಾಕುತ್ತೀರಾ? ಗೊತ್ತಿಲ್ಲದಿರುವುದು ಮುಂದೆ ವದಂತಿಯಾಗಿ ಬರುತ್ತದೆ. ಮೋಡ ಓಡಿಸುವ ಮಾತು ಅಂಥದ್ದು.

ಅಂಕಿಯಿದ್ದರೆ ಏನು ಬದಲಾಗುತ್ತಿತ್ತು?

ಒಂದು ಸರಳ ಲೆಕ್ಕವನ್ನು ನೀವೇ ಮಾಡಿ ನೋಡಿ. ಮೆಗಾವಾಟ್ ಗಾತ್ರದ ಗಾಳಿಯಂತ್ರದ ಧ್ವನಿಸಾಮರ್ಥ್ಯ ಮಟ್ಟ ಸುಮಾರು 105 ಡೆಸಿಬೆಲ್ ಎನ್ನೋಣ. ಶಬ್ದ ಅರ್ಧಗೋಳಾಕಾರವಾಗಿ ಹರಡುತ್ತದೆ ಎಂದು ಭಾವಿಸಿದರೆ, ದೂರ ಇಮ್ಮಡಿಯಾದಂತೆಲ್ಲ ಅದು 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 300 ಮೀಟರ್ ದೂರದಲ್ಲಿ ಸುಮಾರು 47, 500 ಮೀಟರ್ ದೂರದಲ್ಲಿ ಸುಮಾರು 43 ಡೆಸಿಬೆಲ್ ಬರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹೊತ್ತು ವಿಧಿಸಿರುವ ಮಿತಿ 45. ಅಂದರೆ 300 ಮೀಟರ್ ಸಾಲದು, 500 ಮೀಟರ್ ಸಾಕು. ಆದರೆ ಅಷ್ಟೇ ದೂರದಲ್ಲಿ ಇಂಥವೇ ಎರಡು ಯಂತ್ರಗಳಿದ್ದರೆ ಇನ್ನು 3 ಡೆಸಿಬೆಲ್ ಸೇರಿ 46 ಆಗುತ್ತದೆ. ಮಿತಿ ಮತ್ತೆ ದಾಟಿತು. ಗಾಳಿಯ ದಿಕ್ಕು, ನೆಲದ ಏರುತಗ್ಗು, ವಾಯುವಿನ ಹೀರಿಕೆ ಸೇರಿಸಿದರೆ ಉತ್ತರ ಬದಲಾಗುತ್ತದೆ. ಆದ್ದರಿಂದಲೇ ಪ್ರತಿ ಊರಿಗೂ ಬೇರೆ ಲೆಕ್ಕ ಬೇಕು.

2016ರ ಅಕ್ಟೋಬರ್‌ನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಶಬ್ದದ ಕಾರಣಕ್ಕಾಗಿಯೇ, ಮನೆಗಳಿಂದ 500 ಮೀಟರ್ ಅಂತರ ಹೇಳಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಬಹಳಷ್ಟು ಯಂತ್ರಗಳು ಅದಕ್ಕೂ ಮುಂಚೆ ಎದ್ದು ನಿಂತಿದ್ದವು. ಪ್ರೌಢಶಾಲೆಯ ಲಾಗರಿತಮ್‌ನಿಂದ ಮಾಡಬಹುದಾದ ಲೆಕ್ಕ ನಿಯಮವಾಗಲು ಅಷ್ಟು ವರ್ಷ ಹಿಡಿಯಿತು.

ಎರಡನೆಯದು ಮಣ್ಣು. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಸೆಕೆಂಡಿಗೆ 5 ಮೀಟರ್‌ನಿಂದ 6 ಮೀಟರಿಗೆ ಏರಿದರೆ ಶಕ್ತಿ ಶೇಕಡಾ 73ರಷ್ಟು ಹೆಚ್ಚುತ್ತದೆ. ಆದ್ದರಿಂದಲೇ ಯಂತ್ರಗಳು ಗುಡ್ಡದ ನೆತ್ತಿಯನ್ನು ಹುಡುಕುತ್ತವೆ. ಆದರೆ ಹತ್ತಾರು ಮೀಟರ್ ಉದ್ದದ ಅಲಗನ್ನು ಮೇಲೇರಿಸಲು ಅಗಲವಾದ, ತಿರುವು ಕಡಿಮೆಯಿರುವ ರಸ್ತೆ ಬೇಕು. ಅದಕ್ಕಾಗಿ ಗುಡ್ಡದ ಮೈ ಕಡಿಯಬೇಕು. ಯಂತ್ರದ ಬುಡ ಆಕ್ರಮಿಸುವ ಜಾಗ ಚಿಕ್ಕದು, ರಸ್ತೆಯದು ದೊಡ್ಡದು. ಕಡಿದ ಸಡಿಲ ಮಣ್ಣು ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿಗೆ 89 ವರ್ಷ ಕಾಯುವ ಸೀಮೆಯಲ್ಲಿ ಜಲಾನಯನದ ಒಂದು ಬುಟ್ಟಿ ಮಣ್ಣಿಗೂ ಲೆಕ್ಕ ಇರಬೇಕಲ್ಲವೇ?

ಮೂರನೆಯದು ಜೀವಿಗಳು. ಸಾತಾರಾ ಜಿಲ್ಲೆಯ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಆಹಾರವಾದ ಓತಿಗಳ ಸಂಖ್ಯೆ ಹೆಚ್ಚು. ನಮ್ಮ ರಾಜ್ಯದ ಪವನ ಕ್ಷೇತ್ರಗಳಲ್ಲೇ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಎಚ್.ಎನ್. ಕುಮಾರ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2022ರಲ್ಲಿ ಬಂತು. ಡಿಕ್ಕಿಯಿಂದ ಸಾಯುವ ಹಕ್ಕಿ ಮತ್ತು ಬಾವಲಿಗಳು ಯಂತ್ರವೊಂದಕ್ಕೆ ವರ್ಷಕ್ಕೆ 0.26, ಅಂದರೆ ನಾಲ್ಕು ಯಂತ್ರಕ್ಕೆ ವರ್ಷಕ್ಕೆ ಒಂದು. ಇದು ಸಣ್ಣ ಸಂಖ್ಯೆ. ಆದರೆ ಅದೇ ಅಧ್ಯಯನದಲ್ಲಿ, ಯಂತ್ರಗಳು ದಟ್ಟವಾಗಿರುವ ಜಾಗವನ್ನು ಚಿಂಕಾರ, ನರಿ ಮೊದಲಾದವು ದೂರವಿಟ್ಟದ್ದೂ ಕಂಡಿತು. ಸತ್ತವನ್ನು ಮಾತ್ರ ಎಣಿಸಿದ್ದರೆ ತೊಂದರೆಯಿಲ್ಲ ಎಂದೇ ಬರೆಯುತ್ತಿದ್ದೆವು. ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಇನ್ನೊಂದು ಮಾತು: ಈ ಎರಡೂ ಅಧ್ಯಯನಗಳು ಯಂತ್ರ ನೆಟ್ಟು ಬಹಳ ಕಾಲವಾದ ಮೇಲೆ ನಡೆದವು. ನೆಡುವ ಮುಂಚಿನ ಅಳತೆಗಳಿದ್ದಿದ್ದರೆ ಹೋಲಿಕೆ ಇನ್ನೂ ಖಚಿತವಾಗುತ್ತಿತ್ತು.

ಎದುರು ವಾದವನ್ನೂ ಕೇಳೋಣ

“ಕಲ್ಲಿದ್ದಲಿಗೆ ಹೋಲಿಸಿದರೆ ಇವೆಲ್ಲ ಕ್ಷುಲ್ಲಕವಲ್ಲವೇ? ಪರಿಶೀಲನೆ ಎಂದರೆ ವಿಳಂಬವಲ್ಲವೇ?” ಎಂದು ನೀವು ಕೇಳಬಹುದು. ಮೊದಲ ಮಾತಿನಲ್ಲಿ ತೂಕವಿದೆ. 1 ಮೆಗಾವಾಟ್ ಯಂತ್ರ ತನ್ನ ಪೂರ್ಣ ಸಾಮರ್ಥ್ಯದ ಕಾಲುಭಾಗ ದುಡಿದರೂ ವರ್ಷಕ್ಕೆ ಸುಮಾರು 22 ಲಕ್ಷ ಯೂನಿಟ್ ಕೊಡುತ್ತದೆ, ಯೂನಿಟ್ಟಿಗೆ 0.7 ಕಿಲೋಗ್ರಾಂ ಎಂದರೂ ಸುಮಾರು 1,500 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ. 2023ರ ಹೊತ್ತಿಗೆ ಕರ್ನಾಟಕದ ಪವನ ಸಾಮರ್ಥ್ಯ 5,000 ಮೆಗಾವಾಟ್ ದಾಟಿತ್ತು. ನಮಗೆ ಇನ್ನೂ ಬೇಕು. ನಾನು ಗಾಳಿಯಂತ್ರದ ವಿರೋಧಿಯಲ್ಲ.

ಆದರೆ ಎರಡನೆಯ ಮಾತನ್ನು ಒಪ್ಪಲಾರೆ. ಗಾಳಿಯ ವೇಗ ಅಳೆಯಲು ಯಾವ ಕಂಪನಿಯೂ ಸ್ಥಳದಲ್ಲಿ ಕಂಬ ನೆಟ್ಟು ತಿಂಗಳುಗಟ್ಟಲೆ ಕಾಯುತ್ತದೆ. ಹಣ ಹೂಡುವವರಿಗೆ ಆ ಅಂಕಿ ಬೇಕು. ಅದೇ ಕಾಲದಲ್ಲಿ ಹಕ್ಕಿ, ಮಣ್ಣು, ರಾತ್ರಿಯ ಶಬ್ದಗಳನ್ನೂ ಅಳೆದರೆ ಒಂದು ದಿನವೂ ತಡವಾಗದು. ಅಹವಾಲು ಸಭೆಗಳು ಎಷ್ಟೋ ಕಡೆ ಬರಿಯ ಶಾಸ್ತ್ರವಾಗಿವೆ, ನಿಜ. ಅದಕ್ಕೆ ಮದ್ದು ಸಭೆಯನ್ನೇ ಬಿಡುವುದಲ್ಲ.

ಎರಡನೆಯ ಅವಕಾಶ

ಈ ಮಾತನ್ನು ಈಗ ಆಡಲು ಕಾರಣವಿದೆ. ಗಾಳಿಯಂತ್ರದ ಆಯುಸ್ಸು ಸುಮಾರು 20ರಿಂದ 25 ವರ್ಷ. ಈ ಶತಮಾನದ ಮೊದಲ ವರ್ಷಗಳಲ್ಲಿ ಚಿತ್ರದುರ್ಗದ ಗುಡ್ಡವೇರಿದ ಯಂತ್ರಗಳು ಮುದಿಯಾಗುತ್ತಿವೆ. ಹಳೆಯವನ್ನು ತೆಗೆದು ದೊಡ್ಡವನ್ನು ನಿಲ್ಲಿಸುವ ಕೇಂದ್ರದ ನೀತಿ 2016ರಲ್ಲಿ ಬಂತು, 2023ರಲ್ಲಿ ಪರಿಷ್ಕೃತವಾಯಿತು. ಅಂದರೆ ಅದೇ ಗುಡ್ಡ, ಅದೇ ಊರುಗಳ ಮುಂದೆ ಎತ್ತರದ ಕಂಬ, ಉದ್ದದ ಅಲಗು, ಬಹುಶಃ ಇನ್ನೂ ಅಗಲದ ರಸ್ತೆ ಬರಲಿವೆ. ಮೊದಲ ಸಲ ತಪ್ಪಿಹೋದ ಪರಿಶೀಲನೆಗೆ ಇದು ಎರಡನೆಯ ಅವಕಾಶ.

ಮೂರು ಕೆಲಸಗಳು ಸಾಕು. ಯಂತ್ರ ನೆಡುವ ಮೊದಲು ಒಂದು ಪೂರ್ಣ ವರ್ಷ ಶಬ್ದ, ಹಕ್ಕಿ, ಹಳ್ಳದ ಹೂಳು ಇವುಗಳ ಅಳತೆ. ಆ ಅಂಕಿಗಳು, ಪ್ರತಿ ಯಂತ್ರದ ಜಾಗ ಗುರುತಿಸಿದ ನಕ್ಷೆಯೊಂದಿಗೆ, ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ 30 ದಿನ ಮೊದಲು. ಆ ಮೇಲೆ ಸಭೆ. ಯಂತ್ರ ತಿರುಗಲು ಆರಂಭಿಸಿದ ಬಳಿಕ ಅದೇ ಜಾಗಗಳಲ್ಲಿ ಅದೇ ಅಳತೆ, ಅದೇ ಗೋಡೆಯ ಮೇಲೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಶಬ್ದಮಾಪಕ ಹಿಡಿದು ಈ ಕೆಲಸದಲ್ಲಿ ಕೈಜೋಡಿಸಬಹುದು. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಗುತ್ತಿಗೆ ನವೀಕರಿಸುವಾಗ ರಾಜ್ಯ ಸರ್ಕಾರ ಇದನ್ನು ಷರತ್ತಾಗಿ ಸೇರಿಸಬಹುದು.

ಆದಿವಾಲದ ಆ ಹಿರಿಯರು ಯಂತ್ರ ಬೇಡ ಎನ್ನಲಿಲ್ಲ. ಹಾಕುವಾಗಲೇ ಬಂದು ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದರು. ಮುಂದಿನ ಸಲ ಅವರ ಮೊಮ್ಮಕ್ಕಳು ಈ ಪ್ರಶ್ನೆಯನ್ನು ದಾರಿಹೋಕ ಮೇಷ್ಟರಿಗೆ ಕೇಳುವಂತಾಗಬಾರದು.